ಬೇಸಿಸ್ ಸ್ಕಾಟ್ಸ್‌ಡೇಲ್: ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಸುತ್ತಮುತ್ತಲಿಗೆ ಹೊಸದಾಗಿ ಬಂದಿಳಿದ ಕನ್ನಡದ ಕುಟುಂಬಗಳಿಗೆ ಎರಡು ಚಿಂತೆ: ಒಂದು ಬೇಸಿಗೆಯ ಕರೆಂಟ್ ಬಿಲ್ಲು, ಇನ್ನೊಂದು ಬೇಸಿಸ್, ಪಕ್ಕದ ಸ್ಕಾಟ್ಸ್‌ಡೇಲ್‌ನ ಹೆಸರಾಂತ ಚಾರ್ಟರ್ ಶಾಲೆ. ಬಿಲ್ಲಿನ ವಿಷಯ ಒಂದೇ ಮಾತಿಗೆ ಮುಗಿಯುತ್ತದೆ. ಬೇಸಿಸ್ ವಿಷಯ ಹಾಗಲ್ಲ. ಮ್ಯಾರಿಕೋಪಾದ ಮಹಾಗಣಪತಿ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ಎತ್ತಿದ ಮಾತು ಕಾರಿನ ಬಾಗಿಲು ಹಾಕುವವರೆಗೂ ನಡೆಯುತ್ತದೆ. ಮಾತಿನಲ್ಲಿ, ಫೋನಿನಲ್ಲಿ, ಊರಿಂದ ಬಂದ ಮೆಸೇಜುಗಳಲ್ಲಿ ತಿರುತಿರುಗಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ನಾನು ಶಾಲೆಯ ಪರ ವಕೀಲನೂ ಅಲ್ಲ, ವಿರೋಧಿಯೂ ಅಲ್ಲ. ಇಬ್ಬರು ಮಕ್ಕಳನ್ನು ಈ ಕಡೆಯ ಶಾಲೆಗಳಲ್ಲಿ ಓದಿಸಿದ ಒಬ್ಬ ಅಪ್ಪ, ಅಷ್ಟೇ.

## ಮೊದಲು ತಿಳಿಯಬೇಕಾದ್ದು

ಚಾರ್ಟರ್ ಸ್ಕೂಲ್ ಅಂದ್ರೆ ಪ್ರೈವೇಟಾ, ಗೌರ್ಮೆಂಟಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ದುಡ್ಡು ಸರ್ಕಾರದ್ದು, ಆಡಳಿತ ಖಾಸಗಿಯವರದ್ದು, ಬಾಗಿಲು ಎಲ್ಲರಿಗೂ ತೆರೆದದ್ದು. ನಮ್ಮ ಕಡೆಯ ಅನುದಾನಿತ ಶಾಲೆಯನ್ನು ನೆನೆಸಿಕೊಂಡರೆ ಅರ್ಧ ಅರ್ಥವಾದಂತೆ. ಉಳಿದರ್ಧ ಬೇರೆ. ಅನುದಾನಿತ ಶಾಲೆಗೆ ಸರ್ಕಾರ ಮೇಷ್ಟ್ರ ಸಂಬಳ ಕೊಡುತ್ತದೆ. ಇಲ್ಲಿ ಮಗುವಿನ ತಲೆಗೆ ಇಷ್ಟು ಎಂದು ಕೊಡುತ್ತದೆ. ಮಗು ಶಾಲೆ ಬಿಟ್ಟರೆ ಆ ದುಡ್ಡೂ ಮಗುವಿನ ಹಿಂದೆಯೇ ಹೋಗುತ್ತದೆ.

ಚಾರ್ಟರ್ ಎಂದರೆ ಹಳೆಯ ಕನ್ನಡದ ಮಾತಿನಲ್ಲಿ ಸನ್ನದು. 'ಇಂಥ ಶಾಲೆ ನಡೆಸುತ್ತೇವೆ, ಇಂಥ ಫಲಿತಾಂಶ ತೋರಿಸುತ್ತೇವೆ' ಎಂದು ಒಪ್ಪಿ ಒಂದು ಸಂಸ್ಥೆ ರಾಜ್ಯದಿಂದ ಸನ್ನದು ಪಡೆಯುತ್ತದೆ. ಅರಿಜೋನಾದಲ್ಲಿ ಅದನ್ನು ಕೊಡುವುದಕ್ಕೆ, ಅಗತ್ಯ ಬಿದ್ದರೆ ಹಿಂದಕ್ಕೆ ಪಡೆಯುವುದಕ್ಕೆ ರಾಜ್ಯದ ಪ್ರತ್ಯೇಕ ಚಾರ್ಟರ್ ಮಂಡಳಿಯೇ ಇದೆ. ಮೊದಲ ಸಲಕ್ಕೆ ಅವಧಿ 15 ವರ್ಷ. ದೇಶದಲ್ಲಿ ಈ ಕಾನೂನು ಮೊದಲು ಬಂದದ್ದು ಮಿನೆಸೋಟಾದಲ್ಲಿ, 1991ರಲ್ಲಿ. ಅರಿಜೋನಾ 1994ರಲ್ಲಿ ಮಾಡಿತು, ಅದೂ ಬಲು ಸಡಿಲವಾಗಿ. ಅದಕ್ಕೇ ಇಲ್ಲಿ ಚಾರ್ಟರ್ ಶಾಲೆಗಳು ಹುಲುಸಾಗಿ ಬೆಳೆದವು, ಒಳ್ಳೆಯವೂ ಜೊಳ್ಳೂ ಒಟ್ಟಿಗೆ.

ಹಾಗಾದ್ರೆ ಫೀಸೇ ಇಲ್ವಾ? ನಂಬೋಕೆ ಆಗ್ತಿಲ್ಲ.

ಬೋಧನಾ ಶುಲ್ಕ ಇಲ್ಲ, ಇರುವಂತೆಯೂ ಇಲ್ಲ. ಆದರೆ ದೇಣಿಗೆ ಕೇಳುತ್ತಾರೆ. ಬೇಸಿಸ್‌ನಲ್ಲಿ ಶಿಕ್ಷಕರಿಗಾಗಿ ವಾರ್ಷಿಕ ನಿಧಿಯೊಂದಿದೆ. ಅದಕ್ಕೆ ಮಗುವೊಂದಕ್ಕೆ 1,500 ಡಾಲರ್ ಎಂದು ಹಲವು ವರ್ಷ ಕೇಳುತ್ತಿದ್ದರು. ನಮ್ಮವರಿಗೆ 'ಡೊನೇಶನ್' ಎಂದ ಕೂಡಲೇ ಬೆಂಗಳೂರಿನ ಶಾಲೆಯ ಕೌಂಟರ್ ಕಣ್ಣ ಮುಂದೆ ಬರುತ್ತದೆ. ಇದು ಅದಲ್ಲ. ಕೊಟ್ಟರೂ ಸೀಟು ಸಿಗುವುದಿಲ್ಲ, ಕೊಡದಿದ್ದರೂ ಸೀಟು ಹೋಗುವುದಿಲ್ಲ. ಇಮೇಲ್‌ಗಳಂತೂ ಬರುತ್ತಲೇ ಇರುತ್ತವೆ.

ಇದಲ್ಲದೆ ಅರಿಜೋನಾದಲ್ಲಿ ಒಂದು ತೆರಿಗೆ ಸೌಲಭ್ಯ ಇದೆ, ಹೊಸಬರಿಗೆ ಯಾರೂ ಹೇಳುವುದಿಲ್ಲ. ಸಾರ್ವಜನಿಕ ಶಾಲೆಯ ಪಠ್ಯೇತರ ಚಟುವಟಿಕೆಗೆ ಕೊಟ್ಟ ದುಡ್ಡನ್ನು ಒಬ್ಬರಿಗೆ 200, ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ 400 ಡಾಲರ್‌ವರೆಗೆ ರಾಜ್ಯದ ತೆರಿಗೆಯಿಂದ ನೇರವಾಗಿ ಕಳೆಯಬಹುದು. ಆದಾಯದಿಂದ ಅಲ್ಲ, ಕಟ್ಟಬೇಕಾದ ತೆರಿಗೆಯಿಂದಲೇ. ಚಾರ್ಟರ್ ಶಾಲೆಗೂ ಇದು ಅನ್ವಯ. ಹೇಗಿದ್ದರೂ ಸರ್ಕಾರಕ್ಕೆ ಹೋಗುವ ದುಡ್ಡು ಮಗಳ ಚೆಸ್ ಕ್ಲಬ್ಬಿಗೆ ಹೋದಂತಾಯಿತು.

ಇದನ್ನ ಶುರು ಮಾಡಿದ್ದು ಯಾರು? ಇಷ್ಟೊಂದು ಹೆಸರು ಬಂದದ್ದು ಹೇಗೆ?

ಮೈಕಲ್ ಬ್ಲಾಕ್ ಮತ್ತು ಓಲ್ಗಾ ಬ್ಲಾಕ್ ದಂಪತಿ. ಮೈಕಲ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರೊಫೆಸರಾಗಿದ್ದವರು. ಓಲ್ಗಾ ಚೆಕ್ ದೇಶದಿಂದ ಬಂದವರು. ಮಗಳನ್ನು ಟೂಸಾನ್‌ನ ಶಾಲೆಗೆ ಹಾಕಿದಾಗ ಅಲ್ಲಿನ ಪಾಠ ತೀರಾ ನೀರು ನೀರಾಗಿದೆ ಎಂದು ಅವರಿಗೆ ಅನಿಸಿತು. ನಮ್ಮ ಅಮ್ಮಂದಿರೂ ಇಲ್ಲಿಗೆ ಬಂದ ಮೊದಲ ವರ್ಷ ಇದೇ ದೂರು ಹೇಳುತ್ತಾರೆ. ಓಲ್ಗಾ ದೂರಿಗೆ ನಿಲ್ಲಲಿಲ್ಲ. 1998ರಲ್ಲಿ ಟೂಸಾನ್‌ನಲ್ಲಿ 56 ಮಕ್ಕಳೊಂದಿಗೆ ಶಾಲೆ ತೆರೆದರು, 2003ರಲ್ಲಿ ಸ್ಕಾಟ್ಸ್‌ಡೇಲ್‌ನಲ್ಲಿ ಎರಡನೆಯದು. ಯುರೋಪಿನ ಬಿಗಿ ಪಠ್ಯ, ಅಮೆರಿಕದ ಮುಕ್ತ ಮಾತು, ಎರಡನ್ನೂ ಬೆಸೆಯುವುದು ಅವರ ಯೋಚನೆ.

ದೇಶಕ್ಕೆಲ್ಲ ಹೆಸರು ಹಬ್ಬಿದ್ದು ಯು.ಎಸ್. ನ್ಯೂಸ್ ಪತ್ರಿಕೆಯ ಅತ್ಯುತ್ತಮ ಹೈಸ್ಕೂಲುಗಳ ಪಟ್ಟಿಯಿಂದ. 2017ರಲ್ಲಿ ಮೊದಲ ಮೂರು ಸ್ಥಾನ ಅರಿಜೋನಾದ ಬೇಸಿಸ್ ಶಾಲೆಗಳದ್ದು, 2018ರಲ್ಲಿ ಮೊದಲ ಐದೂ ಅವರದ್ದೇ. ಎರಡೂ ವರ್ಷ ಮೊದಲನೆಯದು ಸ್ಕಾಟ್ಸ್‌ಡೇಲ್.

ಬೆಂಗಳೂರಿಗೂ ಇದಕ್ಕೂ ಒಂದು ಎಳೆ ಇದೆ. ರಾಬರ್ಟ್ ಕಾಂಪ್ಟನ್ ಎಂಬ ಉದ್ಯಮಿ ಬೆಂಗಳೂರು, ಶಾಂಘೈ ಮತ್ತು ಇಂಡಿಯಾನಾದ ಹೈಸ್ಕೂಲ್ ಮಕ್ಕಳ ದಿನಚರಿಯನ್ನು ಪಕ್ಕಪಕ್ಕ ಇಟ್ಟು ಸಾಕ್ಷ್ಯಚಿತ್ರ ತೆಗೆದಿದ್ದರು. ನಮ್ಮ ಮಕ್ಕಳು ಎಷ್ಟು ಓದುತ್ತಾರೆ ಎಂದು ಅಮೆರಿಕನ್ನರಿಗೆ ಗಾಬರಿ ಹುಟ್ಟಿಸಿದ ಚಿತ್ರ ಅದು. 'ಹಾಗಾದರೆ ಇದಕ್ಕೆ ಪರಿಹಾರ?' ಎಂದು ಹುಡುಕುತ್ತಾ ಮುಂದಿನ ಚಿತ್ರಕ್ಕೆ ಅವರು ಕ್ಯಾಮೆರಾ ಇಟ್ಟದ್ದು ಟೂಸಾನ್‌ನ ಬೇಸಿಸ್ ಶಾಲೆಯೊಳಗೆ.

ಬೇ ಏರಿಯಾದಲ್ಲಿರೋ ನಮ್ಮ ಭಾವ ಬೇಸಿಸ್‌ಗೆ ವರ್ಷಕ್ಕೆ ಸಾವಿರಾರು ಡಾಲರ್ ಕಟ್ತಾರೆ. ನೀವು ನೋಡಿದ್ರೆ ಫ್ರೀ ಅಂತೀರಿ!

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿಮ್ಮ ಭಾವ ಕಟ್ಟುವುದು 'ಬೇಸಿಸ್ ಇಂಡಿಪೆಂಡೆಂಟ್' ಎಂಬ ಖಾಸಗಿ ಶಾಲೆಗೆ. ಸ್ಯಾನ್ ಹೋಸೆ, ಫ್ರೀಮಾಂಟ್, ಬ್ರೂಕ್ಲಿನ್‌ಗಳಲ್ಲಿ ಇರುವುದು ಆ ಬಗೆಯದು. ಅರಿಜೋನಾ, ಟೆಕ್ಸಾಸ್, ವಾಷಿಂಗ್ಟನ್ ಡಿ.ಸಿ.ಗಳಲ್ಲಿ ಇರುವುದು ಚಾರ್ಟರ್. ಪಠ್ಯದ ಬೇರು ಒಂದೇ, ಬಿಲ್ಲು ಬೇರೆ.

## ಸೀಟಿನ ಚಿಂತೆ

ಎಂಟ್ರೆನ್ಸ್ ಟೆಸ್ಟ್‌ಗೆ ಯಾವ ಪುಸ್ತಕ ಓದಿಸಬೇಕು? ಕೋಚಿಂಗ್ ಇದೆಯಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಉತ್ತರ ಕೇಳಿದವರಿಗೆ ನಂಬಿಕೆ ಬರುವುದೂ ಇಲ್ಲ. ಪ್ರವೇಶ ಪರೀಕ್ಷೆ ಇಲ್ಲ. ಸಾರ್ವಜನಿಕ ಚಾರ್ಟರ್ ಶಾಲೆ ಅರಿಜೋನಾದಲ್ಲಿ ಅಂಕ ನೋಡಿ ಮಕ್ಕಳನ್ನು ಆರಿಸುವಂತಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ. ನಮ್ಮಲ್ಲಿ ಆರ್‌ಟಿಇ ಸೀಟಿಗೆ ಆನ್‌ಲೈನ್‌ನಲ್ಲಿ ಎತ್ತುತ್ತಾರಲ್ಲ, ಅದೇ ರೀತಿ. ಅಣ್ಣನೋ ಅಕ್ಕನೋ ಈಗಾಗಲೇ ಅಲ್ಲಿದ್ದರೆ ತಮ್ಮ ತಂಗಿಯರಿಗೆ ಆದ್ಯತೆ ಇದೆ.

ಗೊಂದಲ ಹುಟ್ಟುವುದು ಎಲ್ಲಿಂದ ಎಂದರೆ, ಸೀಟು ಸಿಕ್ಕ ಮೇಲೆ ಒಂದು ಪರೀಕ್ಷೆ ಇರುತ್ತದೆ. ಮಗುವನ್ನು ಯಾವ ಮಟ್ಟದ ಗಣಿತಕ್ಕೆ ಹಾಕಬೇಕು ಎಂದು ನೋಡಲು ಮಾತ್ರ. ನವೋದಯದಂತೆ ಪರೀಕ್ಷೆ ನಡೆಸಿ ಮಕ್ಕಳನ್ನು ತೆಗೆದುಕೊಳ್ಳುವ ಸರ್ಕಾರಿ ಶಾಲೆ ಬೇಕಿದ್ದರೆ ಟೂಸಾನ್‌ನ ಯೂನಿವರ್ಸಿಟಿ ಹೈಸ್ಕೂಲ್ ಇದೆ. ಅದು ಚಾರ್ಟರ್ ಅಲ್ಲ, ಅಲ್ಲಿನ ಶಾಲಾ ಡಿಸ್ಟ್ರಿಕ್ಟಿನದ್ದು, ಅಂದರೆ ಆ ಪ್ರದೇಶದ ಮಾಮೂಲಿ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯದ್ದು.

ಸ್ಕಾಟ್ಸ್‌ಡೇಲ್‌ನಲ್ಲೇ ಮನೆ ಮಾಡ್ಬೇಕಾ? ಅಲ್ಲಿ ಬಾಡಿಗೆ ಕೈಗೆಟುಕಲ್ಲ.

ಬೇಡ. ಅರಿಜೋನಾದಲ್ಲಿ ವಾಸ ಇದ್ದರೆ ಸಾಕು. ಅಮೆರಿಕದ ಬೇರೆ ಊರುಗಳಲ್ಲಿ ಒಳ್ಳೆ ಶಾಲೆಗಾಗಿ ದುಬಾರಿ ಬಡಾವಣೆಯಲ್ಲಿ ಮನೆ ಕೊಳ್ಳುವ ಹಾಗೆ ಇಲ್ಲಿ ಕೊಳ್ಳಬೇಕಿಲ್ಲ. ಆದರೆ ಬಸ್ಸಿಲ್ಲ ಎಂಬುದು ನೆನಪಿರಲಿ. ಇಂಟೆಲ್ ಕಡೆಯ ನಮ್ಮ ಬಹುತೇಕ ಜನ ಇರುವುದು ಚಾಂಡ್ಲರ್‌ನಲ್ಲಿ, ಶಾಲೆ ಇರುವುದು ಸ್ಕಾಟ್ಸ್‌ಡೇಲ್‌ನ ಪೂರ್ವದ ಅಂಚಿನಲ್ಲಿ, ಶೇ ಬುಲೆವಾರ್ಡ್ ಬಳಿ. 101 ಹೆದ್ದಾರಿಯಲ್ಲಿ ಬೆಳಗಿನ ಹೊತ್ತು ಒಮ್ಮೆ ಹೋಗಿ ಬಂದು ನೋಡಿ, ಆಮೇಲೆ ಅರ್ಜಿ ಹಾಕಿ. ಚಾಂಡ್ಲರ್, ಪಿಯೋರಿಯಾ, ಆವಟೂಕಿ, ಮೆಸಾ ಕಡೆಗೂ ಬೇಸಿಸ್ ಶಾಲೆಗಳಿವೆ. ಚಾಂಡ್ಲರ್‌ನದ್ದು 2011ರಿಂದಲೇ ಇದೆ. ಹೆಸರಿಗಾಗಿ ಎಳೆಯ ಮಗುವನ್ನು ದಿನಕ್ಕೆ ಎರಡು ಗಂಟೆ ಕಾರಿನಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ.

ನಾವು ಎಚ್-1 ಕೆಲಸದ ವೀಸಾ, ಮಕ್ಕಳದ್ದು ಎಚ್-4 ಅವಲಂಬಿತರ ವೀಸಾ. ಗ್ರೀನ್ ಕಾರ್ಡ್ ಇಲ್ದೆ ತಗೋತಾರಾ?

ತೆಗೆದುಕೊಳ್ಳುತ್ತಾರೆ. ಸಾರ್ವಜನಿಕ ಶಾಲೆ ವಲಸೆಯ ಸ್ಥಿತಿ ನೋಡಿ ಮಗುವನ್ನು ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ. ಕೇಳುವುದು ಮಗುವಿನ ಜನನ ಪ್ರಮಾಣಪತ್ರ, ಅರಿಜೋನಾದಲ್ಲಿ ವಾಸವಿರುವುದಕ್ಕೆ ಬಾಡಿಗೆ ಕರಾರು ಅಥವಾ ಬಿಲ್ಲು, ಹಿಂದಿನ ಶಾಲೆಯ ದಾಖಲೆ, ಲಸಿಕೆ ಕಾರ್ಡು. 'ಅಕ್ಕನ ಮಗನನ್ನು ಟೂರಿಸ್ಟ್ ವೀಸಾದಲ್ಲಿ ಕರೆಸಿ ಒಂದು ವರ್ಷ ಓದಿಸಬಹುದಾ' ಎಂದು ಕೇಳುವವರೂ ಇದ್ದಾರೆ. ಆ ವೀಸಾದಲ್ಲಿ ಬಂದು ಶಾಲೆಗೆ ಸೇರುವುದು ವೀಸಾದ ಷರತ್ತನ್ನೇ ಮುರಿದಂತೆ. ಬೇಡ.

ತಡವಾಗುವುದು ಲಸಿಕೆ ಕಾರ್ಡಿನಿಂದ. ನಮ್ಮ ಸರ್ಕಾರಿ ಆಸ್ಪತ್ರೆಯ ತಾಯಿ ಕಾರ್ಡಿನಲ್ಲಿ ದಡಾರ ಮತ್ತು ರುಬೆಲ್ಲಾ ಇರುತ್ತದೆ, ಮಂಗಬಾವು ಇರುವುದಿಲ್ಲ. ಸೀತಾಳೆ ಸಿಡುಬಿನ ಲಸಿಕೆಯೂ ಸರ್ಕಾರಿ ಪಟ್ಟಿಯಲ್ಲಿಲ್ಲ. ಇಲ್ಲಿ ಎರಡೂ ಬೇಕು. ಹನ್ನೊಂದು ದಾಟಿದ ಮಕ್ಕಳಿಗೆ ಮೆನಿಂಜೈಟಿಸ್ ಲಸಿಕೆಯನ್ನೂ ಕೇಳುತ್ತಾರೆ. ವಿಮಾನ ಹತ್ತುವ ಮೊದಲೇ ಊರಿನ ಮಕ್ಕಳ ಡಾಕ್ಟರ ಹತ್ತಿರ ಹಾಕಿಸಿ, ದಿನಾಂಕದ ಸಮೇತ ಇಂಗ್ಲಿಷಿನಲ್ಲಿ ಬರೆಸಿಕೊಂಡು ಬನ್ನಿ.

ವೇಟಿಂಗ್ ಲಿಸ್ಟ್‌ನಲ್ಲಿ ನಂಬರ್ ಬಂದಿದೆ. ಆಸೆ ಬಿಡೋದಾ?

ಬಿಡಬೇಡಿ. ಆಗಸ್ಟಿನಲ್ಲಿ ಶಾಲೆ ತೆರೆಯುವ ದಿನದವರೆಗೂ ಪಟ್ಟಿ ಕದಲುತ್ತದೆ. ಸೀಟು ಬಂದಾಗ ಒಪ್ಪಿಕೊಳ್ಳಲು ಕೊಡುವ ಗಡುವು ಮಾತ್ರ ಚಿಕ್ಕದು. ಊರಿಗೆ ರಜೆಗೆ ಹೋಗಿದ್ದಾಗ ಇಮೇಲ್ ನೋಡದೆ ಸೀಟು ಕಳೆದುಕೊಂಡ ಮನೆ ನನಗೇ ಗೊತ್ತು.

ಮಗಳು ದಾವಣಗೆರೆಯಲ್ಲಿ ಏಳನೇ ಕ್ಲಾಸ್ ಮುಗಿಸಿದ್ಲು. ಅಲ್ಲಿ ಸೀದಾ ಎಂಟಕ್ಕೆ ಹಾಕ್ತಾರಾ?

ವಯಸ್ಸು ಸರಿಹೊಂದಿದರೆ ಸಾಮಾನ್ಯವಾಗಿ ಹೌದು, ಆದರೆ ಗಣಿತ ಮತ್ತು ಇಂಗ್ಲಿಷಿನಲ್ಲಿ ಮಟ್ಟ ನೋಡಿಯೇ ಕೂರಿಸುತ್ತಾರೆ. ನಮ್ಮ ಮಕ್ಕಳು ಲೆಕ್ಕದಲ್ಲಿ ಗೆಲ್ಲುತ್ತಾರೆ, ಪ್ರಬಂಧದಲ್ಲಿ ತಡವರಿಸುತ್ತಾರೆ. 'ಈ ಪದ್ಯದಲ್ಲಿ ಕವಿ ಹೀಗೇಕೆ ಹೇಳಿದ, ನಿನ್ನ ವಾದಕ್ಕೆ ಆಧಾರ ಏನು' ಎಂದು ಎರಡು ಪುಟ ಬರೆಯುವುದು ಗೈಡಿನಿಂದ ಬಾಯಿಪಾಠ ಮಾಡಿದ ಮಗುವಿಗೆ ಮೊದಲ ಆರು ತಿಂಗಳು ಕಬ್ಬಿಣದ ಕಡಲೆ. ಬರುವ ಮುಂಚಿನ ರಜೆಯಲ್ಲಿ ಲೆಕ್ಕದ ಟ್ಯೂಶನ್ ಬಿಟ್ಟು ಇಂಗ್ಲಿಷ್ ಕಥೆ ಪುಸ್ತಕ ಓದಿಸಿ.

## ಒಳಗಿನ ದಿನಚರಿ

ದಿನಾ ಎಷ್ಟು ಹೊತ್ತು ಓದಬೇಕು? ರಾತ್ರಿ ನಿದ್ದೆ ಅಂತ ಇರುತ್ತಾ?

ಮಗುವಿನ ಮೇಲೆ ಹೋಗುತ್ತದೆ, ಆದರೆ 'ಹೋಮ್‌ವರ್ಕ್ ಇಲ್ಲ' ಎಂಬ ಸಂಜೆ ಅಪರೂಪ. ನಮ್ಮ ಬೀದಿಯ ಹುಡುಗಿಯೊಬ್ಬಳು ಬೇಸಿಸ್‌ನಲ್ಲಿ ಆರನೆಯ ತರಗತಿ. ಅವಳ ಬ್ಯಾಗಿನಲ್ಲಿ ದಪ್ಪ ಡೈರಿ ಇದೆ, ಕಮ್ಯುನಿಕೇಶನ್ ಜರ್ನಲ್ ಅಂತ, ಮಕ್ಕಳ ಬಾಯಲ್ಲಿ ಸಿಜೆ. ದಿನಕ್ಕೊಂದು ಪುಟ, ವಿಷಯಕ್ಕೊಂದು ಸಾಲು. ಪ್ರತಿ ಪೀರಿಯಡ್ಡಿನಲ್ಲಿ ಬೋರ್ಡ್ ನೋಡಿ ಅವತ್ತಿನ ಮನೆಗೆಲಸವನ್ನು ತಾನೇ ಬರೆದುಕೊಳ್ಳಬೇಕು. ಒಮ್ಮೆ ಅವರ ಮನೆಗೆ ಕಾಫಿಗೆ ಹೋಗಿದ್ದೆ. ಊಟದ ಮೇಜಿನ ಮೇಲೆ ಸಿಜೆ ಬಿಡಿಸಿಟ್ಟುಕೊಂಡು, ಚಕ್ಕುಲಿ ಕಡಿಯುತ್ತಾ, ಮುಗಿದ ಸಾಲಿಗೆ ಹಸಿರು ಪೆನ್ನಿನಲ್ಲಿ ಗೀಟು ಎಳೆಯುತ್ತಿದ್ದಳು. ಅಮ್ಮ 'ಏನೇನು ಇದೆಯೇ ಇವತ್ತು' ಎಂದು ಕೇಳಿದರೆ ಮಾತಾಡದೆ ಪುಸ್ತಕವನ್ನೇ ಆ ಕಡೆ ತಿರುಗಿಸಿದಳು. ಏಳು ಸಾಲಿನಲ್ಲಿ ನಾಲ್ಕಕ್ಕೆ ಗೀಟು ಬಿದ್ದಿತ್ತು, ಗಂಟೆ ಇನ್ನೂ ಆರೂವರೆ.

ನನಗೆ ಕಂಡಂತೆ ಅಲ್ಲಿ ನಿಲ್ಲುವ ಮಕ್ಕಳ ಗುಟ್ಟು ಬುದ್ಧಿಗಿಂತ ಹೆಚ್ಚಾಗಿ ಆ ಗೀಟು. ಜಾಣ, ಆದರೆ ಪುಸ್ತಕ ಎಲ್ಲಿಟ್ಟೆ ಎಂದು ಮರೆಯುವ ಮಗುವಿಗೆ ಅಲ್ಲಿ ಕಷ್ಟ. ಸಾಧಾರಣ, ಆದರೆ ಅಚ್ಚುಕಟ್ಟಾದ ಮಗು ದಾಟಿಕೊಂಡು ಹೋಗುತ್ತದೆ.

ಆರು-ಏಳನೇ ಕ್ಲಾಸಿಗೇ ಫಿಸಿಕ್ಸ್, ಕೆಮಿಸ್ಟ್ರಿ ಬೇರೆ ಬೇರೆ ಅಂತೆ? ಅಷ್ಟು ಬೇಗ ಯಾಕೆ?

ಹೌದು. ಅಮೆರಿಕದ ಮಾಮೂಲಿ ಶಾಲೆಯಲ್ಲಿ ಒಂದು ವರ್ಷ ಜೀವಶಾಸ್ತ್ರ, ಮರುವರ್ಷ ರಸಾಯನಶಾಸ್ತ್ರ ಎಂದು ಒಂದೊಂದಾಗಿ ಬರುತ್ತದೆ. ಬೇಸಿಸ್‌ನಲ್ಲಿ ಮಿಡಲ್ ಸ್ಕೂಲಿನಲ್ಲೇ ಮೂರನ್ನೂ ಬೇರೆ ಬೇರೆ ಮೇಷ್ಟ್ರು ಜೊತೆಜೊತೆಗೆ ಕಲಿಸುತ್ತಾರೆ. ನಮ್ಮ ಹೈಸ್ಕೂಲಿನ ಕ್ರಮವೇ, ಎರಡು ವರ್ಷ ಮುಂಚೆ. ಲ್ಯಾಟಿನ್ ಭಾಷೆ, ಅರ್ಥಶಾಸ್ತ್ರ ಕೂಡ ಸಣ್ಣ ತರಗತಿಯಲ್ಲೇ ಸಿಗುತ್ತವೆ. ಆರನೆಯ ತರಗತಿಯಿಂದ ವರ್ಷದ ಕೊನೆಗೆ ಇಡೀ ವರ್ಷದ ಪಾಠದ ಮೇಲೆ ಪರೀಕ್ಷೆ, ಮಕ್ಕಳು ಕಾಂಪ್ಸ್ ಎನ್ನುತ್ತಾರೆ. ಜನವರಿಯ ಹೊತ್ತಿಗೆ ಅದರ ಪೂರ್ವಸಿದ್ಧತಾ ಪರೀಕ್ಷೆ. ವಾರ್ಷಿಕ ಪರೀಕ್ಷೆಯಲ್ಲೇ ಬೆಳೆದ ನಮಗೆ ಇದರಲ್ಲಿ ವಿಶೇಷ ಕಾಣುವುದಿಲ್ಲ. ಇಲ್ಲಿನವರಿಗೆ ಇದೇ ದೊಡ್ಡ ಸುದ್ದಿ.

ಅಲ್ಲಿ ಮೇಷ್ಟ್ರುಗಳಿಗೆ ಬಿ.ಎಡ್ಡೇ ಇಲ್ವಂತೆ, ನಿಜಾನಾ?

ಅರಿಜೋನಾದಲ್ಲಿ ಚಾರ್ಟರ್ ಶಾಲೆಯ ಶಿಕ್ಷಕರಿಗೆ ರಾಜ್ಯದ ಬೋಧನಾ ಪರವಾನಗಿ ಕಡ್ಡಾಯವಲ್ಲ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು ಬಿ.ಎಡ್ ಇಲ್ಲದೆಯೇ ಏಳನೆಯ ತರಗತಿಗೆ ಪಾಠ ಮಾಡಬಹುದು. ಬೇಸಿಸ್ ಇದನ್ನೇ ತನ್ನ ಬಲ ಎನ್ನುತ್ತದೆ. ನಾನು ಪೂರ್ತಿ ಒಪ್ಪುವುದಿಲ್ಲ; ವಿಷಯ ಬಲ್ಲವರೆಲ್ಲ ಹನ್ನೆರಡು ವಯಸ್ಸಿನ ಮಕ್ಕಳ ಮುಂದೆ ನಿಲ್ಲಬಲ್ಲರೇ? ಸಣ್ಣ ತರಗತಿಗಳಲ್ಲಿ ಇಬ್ಬರು ಶಿಕ್ಷಕರನ್ನು ಇಡುವುದರ ಹಿಂದೆ ಈ ಎಚ್ಚರ ಇದೆ: ಒಬ್ಬರು ವಿಷಯ ಬಲ್ಲವರು, ಇನ್ನೊಬ್ಬರು ಮಕ್ಕಳನ್ನು ಬಲ್ಲವರು.

ಬಸ್ಸಿಲ್ಲ, ಫುಟ್‌ಬಾಲ್ ಇಲ್ಲ. ಇದೆಂಥ ಅಮೆರಿಕನ್ ಹೈಸ್ಕೂಲು?

ಸಿನಿಮಾದಲ್ಲಿ ನೋಡಿದ ಹೈಸ್ಕೂಲು ಇದಲ್ಲ. ಸಾವಿರಾರು ಜನ ಕೂರುವ ಕ್ರೀಡಾಂಗಣ, ಬ್ಯಾಂಡು ಇಲ್ಲಿಲ್ಲ. ಚಾರ್ಟರ್ ಶಾಲೆಗೆ ಸ್ಥಳೀಯ ಆಸ್ತಿ ತೆರಿಗೆಯ ಆಧಾರದ ಮೇಲೆ ಎತ್ತುವ ಸಾಲದ (ಬಾಂಡ್) ದುಡ್ಡು ಬರುವುದಿಲ್ಲ, ಅದರಿಂದಲೇ ಕಟ್ಟುವ ಮೈದಾನಗಳೂ ಇರುವುದಿಲ್ಲ. ಕ್ಲಬ್ಬುಗಳಿವೆ, ಸಣ್ಣ ಮಟ್ಟದ ಆಟಗಳಿವೆ.

ಬಸ್ಸಿಲ್ಲದ್ದರ ಬಿಸಿ ಅಪ್ಪ ಅಮ್ಮಂದಿರಿಗೆ ತಟ್ಟುತ್ತದೆ, ಅಕ್ಷರಶಃ. ಆಗಸ್ಟಿನ ಮಧ್ಯಾಹ್ನ, ಹೊರಗೆ 43 ಡಿಗ್ರಿ, ಶಾಲೆಯ ಮುಂದೆ ಕಾರುಗಳ ಸಾಲು. ಮುಂದಿನ ಗಾಜಿನ ಹಿಂದೆ ದಪ್ಪ ಅಕ್ಷರದಲ್ಲಿ ಹೆಸರು ಬರೆದ ರಟ್ಟು. ಯಾರೂ ಎ.ಸಿ. ಆಫ್ ಮಾಡುವುದಿಲ್ಲ, ಯಾರೂ ಹಾರ್ನ್ ಹೊಡೆಯುವುದಿಲ್ಲ. ವಾಕಿ-ಟಾಕಿ ಹಿಡಿದ ಟೀಚರ್ ಹೆಸರು ಕೂಗಿದಾಗ ಮಗು ನೆರಳಿನಿಂದ ಎದ್ದು ಓಡಿ ಬರುತ್ತದೆ, ಬಾಗಿಲು ತೆಗೆದ ಕೂಡಲೇ ಬೆಳಗಿನ ಮೊಸರನ್ನದ ಡಬ್ಬಿಯ ಹುಳಿ ವಾಸನೆ. ಇದು ವರ್ಷಗಟ್ಟಲೆ ನಡೆಯುವ ಕೆಲಸ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರಾದರೆ ಸೀಟಿಗಿಂತ ಮೊದಲು ಕಾರ್‌ಪೂಲ್ ಹುಡುಕಿ.

ನಮ್ಮವರ ಮಕ್ಕಳು ಜಾಸ್ತಿ ಇದ್ದಾರಾ? ಕನ್ನಡ ಕಲಿಸ್ತಾರಾ?

ಅರಿಜೋನಾದ ಸಾರ್ವಜನಿಕ ಶಾಲೆಗಳನ್ನೆಲ್ಲ ಸೇರಿಸಿದರೆ ಏಷ್ಯಾ ಮೂಲದ ಮಕ್ಕಳು ನೂರಕ್ಕೆ ಮೂರರ ಆಸುಪಾಸು. ಬೇಸಿಸ್ ಸ್ಕಾಟ್ಸ್‌ಡೇಲ್, ಚಾಂಡ್ಲರ್‌ಗಳಲ್ಲಿ ಅರ್ಧಕ್ಕೂ ಹೆಚ್ಚು, ಅದರಲ್ಲಿ ಭಾರತೀಯರದ್ದು ದೊಡ್ಡ ಪಾಲು. ಕನ್ನಡ ಕಲಿಸುವುದಿಲ್ಲ. ಎಪಿ ಎಂಬ ಕಾಲೇಜು ಮಟ್ಟದ ಪರೀಕ್ಷೆಗಳ ಪಟ್ಟಿಯಲ್ಲಿ ಭಾರತದ ಒಂದು ಭಾಷೆಯೂ ಇಲ್ಲ. ಲ್ಯಾಟಿನ್ ಇದೆ, ಮ್ಯಾಂಡರಿನ್ ಇದೆ. ಕನ್ನಡಕ್ಕೆ ವಾರಾಂತ್ಯದ ಕನ್ನಡ ಕಲಿ ತರಗತಿಯೇ ಗತಿ. ಕಾಂಪ್ಸ್ ಹತ್ತಿರ ಬಂದಾಗ ಮೊದಲು ತಪ್ಪುವುದೂ ಅದೇ ತರಗತಿ.

## ರ್ಯಾಂಕು, ಎಪಿ, ಕಾಲೇಜು

ಎಪಿ ಎಪಿ ಅಂತಾರಲ್ಲ, ಏನದು? ನಮ್ಮ ಪಿಯುಸಿ ಥರಾನಾ?

ಪಿಯುಸಿಯಂತೆ ಪ್ಯಾಕೇಜ್ ಅಲ್ಲ, ಬಿಡಿಬಿಡಿ ವಿಷಯ. ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠವನ್ನು ಹೈಸ್ಕೂಲಿನಲ್ಲೇ ಓದಿ, ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ನಡೆಸುವ ಪರೀಕ್ಷೆ ಬರೆಯುವುದು. 1ರಿಂದ 5ರವರೆಗೆ ಅಂಕ. 3 ಬಂದರೆ ಪಾಸಾದಂತೆ. ಬೇಸಿಸ್‌ನಲ್ಲಿ ಹೈಸ್ಕೂಲು ಮುಗಿಸಲು ಕನಿಷ್ಠ ಆರು ಎಪಿ ಪರೀಕ್ಷೆ ಬರೆಯಬೇಕು, ಬಹಳ ಮಕ್ಕಳು ಅದನ್ನು ಮೀರುತ್ತಾರೆ. ಹೈಸ್ಕೂಲಿಗೆ ಬೇಕಾದ್ದು ಹನ್ನೊಂದನೆಯ ತರಗತಿಗೇ ಮುಗಿದುಬಿಡುವಂತೆ ಪಠ್ಯ ಹೆಣೆದಿದ್ದಾರೆ. ಹನ್ನೆರಡರ ಮೊದಲೆರಡು ಟ್ರೈಮೆಸ್ಟರ್‌ನಲ್ಲಿ ಎಪಿಗಿಂತ ಮೇಲಿನ ಪಾಠ. ಮೂರನೆಯದರಲ್ಲಿ ಶಾಲೆಗೆ ಹೋಗದೆ ಲ್ಯಾಬಿನಲ್ಲೋ ಆಸ್ಪತ್ರೆಯಲ್ಲೋ ಕಂಪನಿಯಲ್ಲೋ ಒಂದು ಸ್ವಂತ ಪ್ರಾಜೆಕ್ಟ್ ಮಾಡಿ ಬಂದು ಎಲ್ಲರ ಮುಂದೆ ಮಂಡಿಸುವ ಅವಕಾಶ. ನನ್ನ ಕೇಳಿದರೆ ಇಡೀ ಶಾಲೆಯಲ್ಲಿ ಅತ್ಯುತ್ತಮ ಭಾಗ ಇದು. ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ದೇಶಕ್ಕೇ ನಂಬರ್ ಒನ್ ಅಂದ್ರೆ ಅಲ್ಲಿನ ಮೇಷ್ಟ್ರು ದೇಶಕ್ಕೇ ಬೆಸ್ಟ್ ಅಂತಾನಾ?

ಅಲ್ಲ. ಆ ಪಟ್ಟಿ ಏನನ್ನು ಅಳೆಯುತ್ತಿತ್ತು ಎಂದು ನೋಡಬೇಕು. 2018ರವರೆಗಿನ ಲೆಕ್ಕದಲ್ಲಿ, ರಾಜ್ಯದ ಪರೀಕ್ಷೆ ಮುಂತಾದ ಜರಡಿ ದಾಟಿದ ಶಾಲೆಗಳಿಗೆ ಅಂತಿಮ ರ್ಯಾಂಕ್ ನಿರ್ಧರಿಸುತ್ತಿದ್ದದ್ದು ಒಂದೇ ಸೂಚ್ಯಂಕ: ಹನ್ನೆರಡನೆಯ ತರಗತಿಯ ಮಕ್ಕಳಲ್ಲಿ ಎಷ್ಟು ಜನ ಎಪಿಯಂಥ ಪರೀಕ್ಷೆ ಬರೆದಿದ್ದಾರೆ, ಎಷ್ಟು ಜನ ಪಾಸಾಗಿದ್ದಾರೆ. ಎಲ್ಲರಿಗೂ ಎಪಿ ಕಡ್ಡಾಯ ಮಾಡಿದ ಶಾಲೆಗೆ ಈ ಅಳತೆಗೋಲಿನಲ್ಲಿ ನೂರಕ್ಕೆ ನೂರು ಸಹಜ. 2019ರಲ್ಲಿ ಪತ್ರಿಕೆ ಲೆಕ್ಕ ಬದಲಿಸಿ ರಾಜ್ಯ ಪರೀಕ್ಷೆಗಳಿಗೂ ಹೈಸ್ಕೂಲು ಮುಗಿಸುವವರ ಪ್ರಮಾಣಕ್ಕೂ ತೂಕ ಕೊಟ್ಟಿತು. ಮೊದಲ ಐದೂ ಒಂದೇ ಮನೆಯವರದ್ದಾಗುವುದು ನಿಂತಿತು, ಆದರೂ ಬೇಸಿಸ್ ಶಾಲೆಗಳು ಮೇಲ್ಸಾಲಿನಲ್ಲೇ ಉಳಿದವು. ಅಂದರೆ ಶಾಲೆ ಟೊಳ್ಳಲ್ಲ. ಒಂದು ಮತ್ತು ಮೂವತ್ತರ ನಡುವೆ ವ್ಯತ್ಯಾಸ ಹುಡುಕುವುದು ಟೊಳ್ಳು.

ಆರನೇ ಕ್ಲಾಸಲ್ಲಿ ಇದ್ದಷ್ಟು ಮಕ್ಕಳು ಹನ್ನೆರಡಕ್ಕೆ ಇರಲ್ವಂತೆ? ಶಾಲೆಯವರೇ ಓಡಿಸ್ತಾರಾ?

ಮೊದಲ ಮಾತು ನಿಜ. ತರಗತಿ ಮೇಲೇರಿದಂತೆ ಸಂಖ್ಯೆ ಕರಗುತ್ತದೆ, ವಿಮರ್ಶಕರು ವರ್ಷಗಳಿಂದ ಎತ್ತಿ ತೋರಿಸುತ್ತಿರುವುದೂ ಇದನ್ನೇ. ಬಾಗಿಲಲ್ಲಿ ಲಾಟರಿ, ಒಳಗೆ ಜರಡಿ. ಯಾರೂ ಕತ್ತು ಹಿಡಿದು ನೂಕಬೇಕಿಲ್ಲ. ಕಾಂಪ್ಸ್‌ನಲ್ಲಿ ಪಾಸಾಗದಿದ್ದರೆ ಮರುಪರೀಕ್ಷೆ, ಅಲ್ಲೂ ಆಗದಿದ್ದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಎಂದರೆ ಎಷ್ಟು ಮನೆಯವರು ಉಳಿಯುತ್ತಾರೆ? ಇನ್ನು ಕೆಲವರು ಎಂಟು ಮುಗಿಸಿ ಆಟಕ್ಕಾಗಿ, ಬ್ಯಾಂಡಿಗಾಗಿ, ದೊಡ್ಡ ಹೈಸ್ಕೂಲಿನ ಗದ್ದಲಕ್ಕಾಗಿ ಖುಷಿಯಿಂದಲೇ ಹೋಗುತ್ತಾರೆ. ರ್ಯಾಂಕಿನ ಲೆಕ್ಕ ಹಿಡಿಯುವುದು ಹನ್ನೆರಡನೆಯ ತರಗತಿಯಲ್ಲಿ ಉಳಿದವರನ್ನು ಮಾತ್ರ ಎಂಬುದನ್ನು ಇದಕ್ಕೆ ಜೋಡಿಸಿ ಓದಿ. ಹೀಗಾಗಿ 'ಶಾಲೆ ಎಷ್ಟನೇ ರ್ಯಾಂಕ್' ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು: ನಿಮ್ಮ ಮಗು ಹೇಳಿಸಿಕೊಳ್ಳದೆ ಪುಸ್ತಕ ತೆಗೆಯುತ್ತದಾ?

ಇಲ್ಲಿ ಓದಿದ್ರೆ ಸ್ಟ್ಯಾನ್‌ಫರ್ಡ್, ಎಂಐಟಿ ಗ್ಯಾರಂಟೀನಾ?

ಗ್ಯಾರಂಟಿ ಕೊಡುವವರು ಯಾರಾದರೂ ಸಿಕ್ಕರೆ ಅವರಿಂದ ದೂರ ಇರಿ. ಪ್ರತಿ ವರ್ಷ ಕೆಲವರು ಅಂಥ ಕಡೆ ಹೋಗುತ್ತಾರೆ, ಬಹಳಷ್ಟು ಮಂದಿ ಅರಿಜೋನಾದ್ದೇ ವಿಶ್ವವಿದ್ಯಾಲಯಗಳಿಗೆ, ಅರಿಜೋನಾ ಸ್ಟೇಟ್‌ನ ಬ್ಯಾರೆಟ್ ಆನರ್ಸ್ ಕಾಲೇಜಿನಂಥ ಕಡೆ ಹೋಗುತ್ತಾರೆ. ಪಕ್ಕದ ಬೆಂಚಿನವರೆಲ್ಲ ಹತ್ತು ಎಪಿ ಬರೆದವರೇ ಆದಾಗ ನಿಮ್ಮ ಮಗ ಎದ್ದು ಕಾಣುವುದು ಇನ್ನೂ ಕಷ್ಟ ಎಂಬುದೂ ಇದೆ.

ಎಪಿಯ ನಿಜವಾದ ಲಾಭ ದುಡ್ಡಿನದ್ದು. ರಾಜ್ಯದ ವಿಶ್ವವಿದ್ಯಾಲಯಗಳು ಎಪಿ ಅಂಕಕ್ಕೆ ಕ್ರೆಡಿಟ್ ಕೊಡುತ್ತವೆ, ಅಂದರೆ ಆ ವಿಷಯವನ್ನು ಕಾಲೇಜಿನಲ್ಲಿ ಮತ್ತೆ ಓದಬೇಕಿಲ್ಲ; ಕೆಲವರಿಗೆ ಒಂದು ವರ್ಷದಷ್ಟು ಉಳಿಯುತ್ತದೆ. ಎಚ್-4 ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ, 21 ತುಂಬಿದರೆ ಆ ವೀಸಾವೇ ಇರುವುದಿಲ್ಲ. ಅಂಥ ಮನೆಗಳಿಗೆ ಉಳಿದ ಒಂದು ವರ್ಷದ ಬೆಲೆ ಫೀಸಿಗಿಂತ ದೊಡ್ಡದು.

## ಇನ್ನೂ ಗಟ್ಟಿ ಪ್ರಶ್ನೆಗಳು

ಜನರ ತೆರಿಗೆ ದುಡ್ಡು, ನಡೆಸೋದು ಖಾಸಗಿ ಕಂಪನಿ. ಇದು ಸರಿನಾ?

ಸನ್ನದು ಹಿಡಿದಿರುವುದು ಲಾಭರಹಿತ ಸಂಸ್ಥೆ. ಅದು ಶಾಲೆಗಳನ್ನು ನಡೆಸಿಕೊಡುವ ಗುತ್ತಿಗೆಯನ್ನು ಕೊಟ್ಟದ್ದು ಸ್ಥಾಪಕ ದಂಪತಿ ಕಟ್ಟಿದ ಖಾಸಗಿ ಕಂಪನಿಗೆ. ಶಿಕ್ಷಕರ ಸಂಬಳದಿಂದ ಪಠ್ಯದವರೆಗೆ ದುಡ್ಡು ಅದರ ಮೂಲಕ ಹರಿಯುತ್ತದೆ, ಖಾಸಗಿ ಕಂಪನಿಯ ಒಳಗಿನ ಲೆಕ್ಕ ಸಾರ್ವಜನಿಕರಿಗೆ ಡಿಸ್ಟ್ರಿಕ್ಟ್ ಶಾಲೆಯ ಲೆಕ್ಕದಷ್ಟು ಬಿಡಿಯಾಗಿ ಕಾಣುವುದಿಲ್ಲ. ಅರಿಜೋನಾದ ಪತ್ರಿಕೆಗಳು ಇದನ್ನು ಪ್ರಶ್ನಿಸಿವೆ. ಕಾನೂನಿನ ಪ್ರಕಾರ ಇದಕ್ಕೆ ಅಡ್ಡಿಯಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಫಲಿತಾಂಶ ಒಳ್ಳೆಯದಿದೆ ಎಂಬುದು ಲೆಕ್ಕ ತೋರಿಸದಿರಲು ಕಾರಣವಾಗಬಾರದು. ನಮ್ಮೂರ ಸೊಸೈಟಿಯ ವಾರ್ಷಿಕ ಸಭೆಯಲ್ಲೇ ನಾವು ಬಿಲ್ಲು ಬಿಲ್ಲು ಕೇಳುತ್ತೇವೆ.

ಬಡವರ ಮಕ್ಕಳು, ಕಲಿಕೆಯಲ್ಲಿ ತೊಂದರೆ ಇರೋ ಮಕ್ಕಳು ಅಲ್ಲಿ ಇದ್ದಾರಾ?

ಕಾನೂನಿನಲ್ಲಿ ಬಾಗಿಲು ತೆರೆದೇ ಇದೆ. ಅಂಗವೈಕಲ್ಯ ಇರುವ ಮಗುವಿಗೆ ವಿಶೇಷ ನೆರವು ಕೊಡುವುದು ಕೇಂದ್ರದ ಕಾನೂನಿನಡಿ ಚಾರ್ಟರ್ ಶಾಲೆಗೂ ಕಡ್ಡಾಯ; ನಿಮ್ಮ ಮಗುವಿಗೆ ಬೇಕಿದ್ದರೆ ಲಿಖಿತವಾಗಿ ಮೌಲ್ಯಮಾಪನ ಕೇಳಿ, ಬಾಯಿಮಾತು ಸಾಲದು. ಆದರೂ ಅಂಥ ಮಕ್ಕಳು, ಇಂಗ್ಲಿಷ್ ಹೊಸದಾಗಿ ಕಲಿಯುತ್ತಿರುವ ಮಕ್ಕಳು ರಾಜ್ಯದ ಸರಾಸರಿಗಿಂತ ಬಹಳ ಕಡಿಮೆ. ದಿನಗೂಲಿ ಅಮ್ಮ ಮಧ್ಯಾಹ್ನ ಕೆಲಸ ಬಿಟ್ಟು ಕಾರಿನ ಸಾಲಿನಲ್ಲಿ ನಿಲ್ಲಲಾರಳು. ಶಾಲೆಯಲ್ಲಿ ಉಚಿತ ಊಟ ಸಿಗುವುದಿಲ್ಲವೆಂದರೆ ಅದನ್ನೇ ನಂಬಿದ ಮನೆ ಅರ್ಜಿಯನ್ನೇ ಹಾಕುವುದಿಲ್ಲ. ಅವರಿಗೆ ಲಾಟರಿಯ ಚೀಟಿ ಕೈಗೇ ಬರಲಿಲ್ಲ.

ಮಧ್ಯದಲ್ಲಿ ಬಿಡಿಸಿದ್ರೆ ಮಗು ಹಿಂದೆ ಬೀಳುತ್ತಾ? ಜನ ಏನಂತಾರೆ?

ಓದಿನಲ್ಲಿ ಹಿಂದೆ ಬೀಳುವುದಿಲ್ಲ, ಹೆಚ್ಚಿನವರು ಮುಂದೆಯೇ ಇರುತ್ತಾರೆ. ಬಿಡಿಸುವುದಾದರೆ ಎಂಟು ಮುಗಿದ ಮೇಲೆ ಬಿಡಿಸಿ; ಒಂಬತ್ತರಿಂದ ಅಂಕಗಳು ಕಾಲೇಜಿನ ಅರ್ಜಿಗೆ ಹೋಗುತ್ತವೆ. ಚಾಂಡ್ಲರ್ ಕಡೆ ಹ್ಯಾಮಿಲ್ಟನ್ ಹೈಸ್ಕೂಲ್, ಅರಿಜೋನಾ ಕಾಲೇಜ್ ಪ್ರೆಪ್ ಇವೆ, ಎರಡೂ ಡಿಸ್ಟ್ರಿಕ್ಟಿನವು, ಎರಡರಲ್ಲೂ ಬೇಕಾದಷ್ಟು ಎಪಿ ಇದೆ. ನಿಮ್ಮ ಏರಿಯಾದಲ್ಲದ ಶಾಲೆಯಾದರೆ ಓಪನ್ ಎನ್‌ರೋಲ್‌ಮೆಂಟ್ ಅರ್ಜಿಯನ್ನು ಹಿಂದಿನ ಚಳಿಗಾಲದಲ್ಲೇ ಹಾಕಿ. ಮುಂದೆ ಹೋದ ಗಣಿತಕ್ಕೆ ಕ್ರೆಡಿಟ್ ಕೊಡುತ್ತಾರಾ ಎಂದು ಕೌನ್ಸೆಲರ್ ಹತ್ತಿರ ಬರಹದಲ್ಲಿ ತೆಗೆದುಕೊಳ್ಳಿ.

ಜನ ಅನ್ನುತ್ತಾರೆ. ನಮ್ಮ ದೊಡ್ಡವಳು ಇಂಥದ್ದೇ ಒಂದು ಚಾರ್ಟರ್ ಶಾಲೆಯಲ್ಲಿ ಹನ್ನೆರಡೂ ಮುಗಿಸಿದಳು. ಚಿಕ್ಕವನು ಎಂಟಾದ ಮೇಲೆ ಬೇಡ ಎಂದ. ಕಾರಣ ಡ್ರಮ್ಮು. ಮಾರ್ಚಿಂಗ್ ಬ್ಯಾಂಡ್ ಇರುವ ಶಾಲೆಗೇ ಹೋಗಬೇಕು ಎಂದು ಕೂತ. ಊರಿಂದ ನಮ್ಮಮ್ಮ ಫೋನ್ ಮಾಡಿ 'ಫೇಲಾದನೇನೋ?' ಎಂದು ಮೂರು ಸಲ ಕೇಳಿದರು. ಅಕ್ಟೋಬರಿನ ಒಂದು ಶುಕ್ರವಾರ ರಾತ್ರಿ ಅವನ ಬ್ಯಾಂಡು ಮೈದಾನಕ್ಕೆ ಇಳಿದಾಗ ಅವರಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಲ್ಲಿ ಬೆಳಗಿನ ಪೂಜೆಯ ಹೊತ್ತು. ಗಂಟೆ ಕೈಯಲ್ಲೇ ಹಿಡಿದುಕೊಂಡು ನೋಡಿ, 'ಟೋಪಿ ಮೇಲೆ ಗರಿ ಇರೋನು ಇವನೇನಾ?' ಎಂದರು. ಅವನಲ್ಲ, ಪಕ್ಕದವನು.